ಮನೆಗೇ ಬಂದು ಕರ್ಟನ್ ಚಿಕ್ಕದು ಮಾಡಿಕೊಡ್ತೀವಿ ಅನ್ನೋರ ಕೈಗೆ ಕತ್ತರಿ ಕೊಡೋ ಮುಂಚೆ ಇದನ್ನು ಓದಿ

ಬರೆಯೋಕೆ ನಾಚಿಕೆ ಆಗುತ್ತೆ. ಹೊಲಿಗೆ ಗೊತ್ತಿದ್ದವರೇ ಹೀಗೆ ಟೋಪಿ ಹಾಕಿಸಿಕೊಂಡರೆ ಗೊತ್ತಿಲ್ಲದವರ ಗತಿ ಏನು ಅಂತ ಬರೀತಿದ್ದೀನಿ. ಆರು ಪರದೆ ಹಾಳು. ಆರಕ್ಕೆ ಆರೂ.

ಹಾಲ್‌ನ ಬಾಲ್ಕನಿ ಬಾಗಿಲಿಗೆ ನಾಲ್ಕು ಪೀಸ್ ಕಾಟನ್, ಬೆಡ್‌ರೂಮಿಗೆ ಎರಡು ಪೀಸ್ ಬೆಳಕು ತಡೆಯೋ ಬ್ಲ್ಯಾಕ್‌ಔಟ್. ಎಲ್ಲಾ 9 ಅಡಿಯ ರೆಡಿಮೇಡ್, ಅಂದ್ರೆ 108 ಇಂಚು, ಮೇಲೆ ರಾಡು ತೂರಿಸೋ ಐಲೆಟ್ ರಿಂಗ್ ಇರೋವು. ರೆಡಿಮೇಡ್‌ನಲ್ಲಿ 5, 7, 9 ಅಡಿ ಬಿಟ್ಟರೆ ಬೇರೆ ಸೈಜ್ ಸಿಗೋದೇ ಕಷ್ಟ ಅನ್ನೋದು ಎಲ್ಲರಿಗೂ ಗೊತ್ತಿರೋದೇ. 7 ತಂದರೆ ಗಿಡ್ಡ, 9 ತಂದರೆ ನೆಲ ಗುಡಿಸುತ್ತೆ. ದೊಡ್ಡದು ತಂದು ಕತ್ತರಿಸೋದೇ ದಾರಿ. ಅಂಗಡಿಗೆ ಹೊತ್ತುಕೊಂಡು ಹೋಗೋದು ಯಾಕೆ, ಮಿಷನ್ ತಗೊಂಡು ಮನೆಗೇ ಬರ್ತಾರಲ್ಲ, ಪೀಸಿಗೆ 150 ರೂಪಾಯಿ ತಾನೇ ಅಂತ ಕರೆಸಿದ್ದು. ಅಲ್ಲೇ ತಪ್ಪಿದ್ದು.

ಮೊದಲನೇ ಅನಾಹುತ ಅಳತೆಯದ್ದು. ಐಲೆಟ್ ಪರದೆ ರಾಡಿನಿಂದ ಶುರುವಾಗೋದಿಲ್ಲ. ರಿಂಗಿನ ತೂತಿನ ಮೇಲಂಚು ರಾಡಿನ ತಲೆ ಮೇಲೆ ಕೂರುತ್ತೆ, ಅದರ ಮೇಲೂ ಸ್ವಲ್ಪ ಬಟ್ಟೆ ನಿಂತಿರುತ್ತೆ, ನಮ್ಮದರಲ್ಲಿ ಒಂದೂಕಾಲು ಇಂಚು. ಆ ಒಂದೂಕಾಲು ಇಂಚನ್ನು ರಾಡಿನಿಂದ ನೆಲಕ್ಕೆ ಸಿಕ್ಕಿದ ಅಳತೆಗೆ ಕೂಡಿಸಬೇಕು. ಆಮೇಲೆ ನೆಲಕ್ಕೆ ತಾಗದ ಹಾಗೆ ಅರ್ಧ ಇಂಚು ಕಳೀಬೇಕು. ಇಷ್ಟೇ ಲೆಕ್ಕ, ಏಳನೇ ಕ್ಲಾಸಿನ ಮಗು ಮಾಡುತ್ತೆ. ಆಸಾಮಿ ಮಾಡಿದ್ದು ಏನು? ರಾಡಿನಿಂದ ನೆಲಕ್ಕೆ 88 ಇಂಚು ಅಂತ ಚೀಟಿಯಲ್ಲಿ ಬರೆದುಕೊಂಡ. "ಒಂದು ಇಂಚು ಗ್ಯಾಪ್ ಬಿಡ್ತೀನಿ ಮೇಡಂ" ಅಂದ. 87 ಅಂತ ಬರೆದ. ಆಮೇಲೆ ಆ 87ನ್ನು ಪರದೆಯ ತುತ್ತತುದಿಯಿಂದ ಅಳೆದ! ಅಲ್ಲಿಗೇ ಎರಡೂಕಾಲು ಇಂಚು ಹೋಯ್ತು, ಇನ್ನೂ ಕತ್ತರಿ ಕೂಡ ಹಿಡಿದಿಲ್ಲ.

ಅಳೆದಿದ್ದೂ ಒಂದೇ ಜಾಗದಲ್ಲಿ, ಬಾಗಿಲಿನ ನಟ್ಟನಡುವೆ, ಅದೂ ಜೋಲಾಡೋ ಟೈಲರ್ ಟೇಪಿನಲ್ಲಿ. ಬಾಲ್ಕನಿ ಪಕ್ಕದ ನೆಲ ಎಷ್ಟೋ ಮನೆಯಲ್ಲಿ ಸಮ ಇರೋದಿಲ್ಲ, ನೀರು ಹರೀಲಿ ಅಂತ ವಾಟ ಕೊಟ್ಟಿರ್ತಾರೆ. ನಮ್ಮಲ್ಲಿ ಎಡಗಡೆ 88, ಬಲಗಡೆ 88 ಮುಕ್ಕಾಲು. ಹಾಗಾಗಿ ಎಡ, ನಡು, ಬಲ ಮೂರೂ ಕಡೆ ಕಬ್ಬಿಣದ ಟೇಪಿನಲ್ಲಿ ಅಳೆದು, ಪ್ರತಿ ಪೀಸಿಗೂ ನಂಬರ್ ಹಾಕಿ, ಅದರದ್ದೇ ಅಳತೆಗೆ ಕತ್ತರಿಸಬೇಕು. ಇವನು ನಾಲ್ಕೂ ಪೀಸನ್ನು ಒಂದರ ಮೇಲೊಂದು ಪೇರಿಸಿ ಒಂದೇ ಏಟಿಗೆ ಕತ್ತರಿಸಿದ. ಮೇಲಿನ ಬಟ್ಟೆ ಜಾರಿದರೆ ಕೆಳಗಿನದು ಸೊಟ್ಟ ಅಂತ ಬಟ್ಟೆ ಕತ್ತರಿಸೋನಿಗೆ ಯಾರು ಹೇಳಿಕೊಡಬೇಕು? ಸಾದಾ ನೇಯ್ಗೆಯ ಕಾಟನ್‌ನಲ್ಲಿ ಅಡ್ಡಕ್ಕೆ ಒಂದು ಎಳೆ ಎಳೆದರೆ ಸಾಕು, ಗೆರೆ ತಾನಾಗೇ ಬೀಳುತ್ತೆ. ಅದರ ಮೇಲೆ ಕತ್ತರಿ ಓಡಿಸಿದರೆ ಅಂಚು ನೇರ. ಎಳೆ ಎಳೆಯೋಕೆ ಪೀಸಿಗೆ ಐದು ನಿಮಿಷ.

"ಎಳೆ ಎಳೀರಿ" ಅಂತ ಅಂದೆ ಕೂಡ. "ಮೇಡಂ, ನಾವು ದಿನಾ ಇಪ್ಪತ್ತು ಪೀಸ್ ಮಾಡ್ತೀವಿ" ಅಂದ. ಈ ಮಾತು ಬಂದ ಕೂಡಲೇ ಬಾಗಿಲು ತೋರಿಸಬೇಕಿತ್ತು. ತೋರಿಸಲಿಲ್ಲ.

ಎರಡನೇದು, ನನಗೆ ಇದರ ಮೇಲೇ ಹೆಚ್ಚು ಸಿಟ್ಟು. ಕೆಳಗಿನ ಮಡಿಕೆ. ಪರದೆಗೆ ಅಂಗಿಯ ಅಂಚಿನ ಹಾಗೆ ಸಣ್ಣ ಮಡಿಕೆ ಹಾಕಬಾರದು. ನಾಲ್ಕು ಇಂಚು ಮಡಿಚಿ, ಮತ್ತೆ ನಾಲ್ಕು ಇಂಚು ಮಡಿಚಿ ಹೊಲಿಯಬೇಕು. ಎಂಟು ಇಂಚು ಬಟ್ಟೆ ಒಳಗೆ ಹೋದರೆ ಕೆಳಗೆ ಭಾರ ಬಂದು ಪರದೆ ನೆಟ್ಟಗೆ ಇಳಿಬೀಳುತ್ತೆ. ಅಷ್ಟೇ ಅಲ್ಲ, ಆ ಎಂಟು ಇಂಚು ಬ್ಯಾಂಕಿನಲ್ಲಿಟ್ಟ ದುಡ್ಡಿದ್ದ ಹಾಗೆ: ಅಳತೆ ತಪ್ಪಿದರೆ, ಬಟ್ಟೆ ಕುಗ್ಗಿದರೆ, ಮನೆ ಬದಲಾಯಿಸಿದರೆ, ಹೊಲಿಗೆ ಬಿಚ್ಚಿ ಇಳಿಸಿಕೊಳ್ಳಬಹುದು. ಅವನ ತಪ್ಪು 87ನ್ನೇ ಹಿಡಿದರೂ ಎಂಟು ಸೇರಿಸಿ 95ಕ್ಕೆ ಕತ್ತರಿಸಬೇಕಿತ್ತು. 108 ಇಂಚಿನ ಬಟ್ಟೆ ಕಣ್ಣ ಮುಂದೆ ಇದೆ, ಬಟ್ಟೆಗೇನೂ ಬರಗಾಲ ಇರಲಿಲ್ಲ. ಇವನು 88ಕ್ಕೆ ಕತ್ತರಿಸಿ, ಅರ್ಧ ಇಂಚು ಮತ್ತರ್ಧ ಇಂಚು ಮಡಿಚಿ, ಕಣ್ಣು ಮುಚ್ಚಿ ಬಿಡೋದರೊಳಗೆ ಹೊಲಿದು ಬಿಸಾಕಿದ. ಹೊಲಿಗೆಯೂ ಅಷ್ಟೇ, ರವಿಕೆಗೆ ಹಾಕೋ ಸಣ್ಣ ಟಾಕ. ಪರದೆಗೆ 3ರಿಂದ 3.5 ಮಿಲಿಮೀಟರ್ ಟಾಕ ಬೇಕು, ಇಲ್ಲದಿದ್ದರೆ ಅಂಚು ಸುಕ್ಕು ಹಿಡಿದು ಹಪ್ಪಳದ ಹಾಗೆ ಏಳುತ್ತೆ. ಎದ್ದಿದೆ.

ಉಳಿದ ತುಂಡುಗಳು! ಪೀಸಿಗೆ 20 ಇಂಚು ಉದ್ದ, 48 ಇಂಚು ಅಗಲ. 16 ಇಂಚಿನ ಕುಶನ್‌ಗೆ ಮುಂದೆ ಹಿಂದೆ ಎರಡೂ ಕವರ್ ಆಗಿ ಇನ್ನೂ ಮಿಗುತ್ತೆ. "ವೇಸ್ಟ್ ಎಲ್ಲಾ ನಾನೇ ತಗೊಂಡು ಹೋಗ್ತೀನಿ ಮೇಡಂ, ನಿಮಗ್ಯಾಕೆ ಕಸ" ಅಂತ ಚೀಲಕ್ಕೆ ತುಂಬಿಕೊಂಡ. ಎಷ್ಟು ಒಳ್ಳೇ ಹುಡುಗ ಅಂದುಕೊಂಡೆ, ಕಾಫಿ ಬೇರೆ ಕೊಟ್ಟೆ. ಮೂರು ವಾರದ ಮೇಲೆ ಅವನ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಕುಶನ್ ಕವರ್ ಮಾರಾಟಕ್ಕಿತ್ತು. ಬೂದು ಬಣ್ಣ, ಅದೇ ಎಲೆ, ಅದೇ ಬಳ್ಳಿ. ಪರದೆ ಚಿಕ್ಕದಾದರೆ ಸೇರಿಸಿ ಹೊಲಿಯೋಕೆ ಇರೋ ಒಂದೇ ಹೊಂದೋ ಬಟ್ಟೆ ಅದು. ಯಾರೇ ಕತ್ತರಿಸಲಿ, ತುಂಡು ಮನೆ ಬಿಟ್ಟು ಹೊರಗೆ ಹೋಗಬಾರದು. ತುಂಡು ಕೊಡಬೇಡಿ. ಕೊಡಬೇಡಿ ಅಂದ್ರೆ ಕೊಡಬೇಡಿ.

ಬೆಡ್‌ರೂಮಿನ ಬ್ಲ್ಯಾಕ್‌ಔಟ್ ಕಥೆ ಬೇರೆ. ಅದರ ಹಿಂಭಾಗಕ್ಕೆ ರಬ್ಬರಿನಂಥ ಬಿಳಿ ಲೇಪ ಇರುತ್ತೆ. ಅದಕ್ಕೆ ಗುಂಡುಪಿನ್ನು ಚುಚ್ಚಿದರೆ ತೂತು ಮುಚ್ಚೋದಿಲ್ಲ. ಬಟ್ಟೆ ಒಣಹಾಕೋ ಕ್ಲಿಪ್ಪಿನಲ್ಲಿ ಹಿಡಿದು, ಒಂದೇ ಸಲಕ್ಕೆ, ಬಿಚ್ಚೋ ಪ್ರಸಂಗ ಬರದ ಹಾಗೆ ಹೊಲಿಯಬೇಕು. ಇವನು ಒಂದು ಸಾಲು ಪಿನ್ನು ಚುಚ್ಚಿದ, ಅಳತೆ ತಪ್ಪಿತು ಅಂತ ತೆಗೆದು ಮೇಲೆ ಇನ್ನೊಂದು ಸಾಲು ಚುಚ್ಚಿದ. ಈಗ ಬೆಳಿಗ್ಗೆ ಬಿಸಿಲು ಬಿದ್ದರೆ ಪರದೆಯ ಕೆಳಗೆ ಎರಡು ಸಾಲು ನಕ್ಷತ್ರ. ಆಮೇಲೆ ಹೊಲಿಯಲೂ ಇಲ್ಲ, ದಾರದ ಬಣ್ಣ ಇಲ್ಲವಂತೆ! ಇಸ್ತ್ರಿ ಹಾಕಿ ಅಂಟಿಸೋ ಟೇಪ್ ಇಟ್ಟ. ಆ ಟೇಪಿನ ಅಂಟು ಸಾದಾ ಬಟ್ಟೆಗೆ ಹಿಡಿಯೋ ಹಾಗೆ ಲೇಪದ ಮೇಲೆ ಹಿಡಿಯೋದಿಲ್ಲ. ಹಿಡಿಯಲಿಲ್ಲ ಅಂತ ಇಸ್ತ್ರಿಯನ್ನು ಕಾಟನ್‌ಗೆ ತಿರುಗಿಸಿ ಒತ್ತಿದ. ಪಾಲಿಯೆಸ್ಟರ್ ಬಟ್ಟೆ, ಮೇಲೆ ಒದ್ದೆ ಬಟ್ಟೆ ಕೂಡ ಹಾಸಿಲ್ಲ. ಮುಂದುಗಡೆ ಇಸ್ತ್ರಿಯ ಮೂತಿಯ ಆಕಾರದಲ್ಲಿ ಹೊಳಪು ಬಂತು, ಹಿಂದುಗಡೆ ಲೇಪ ಕಿತ್ತು ಇಸ್ತ್ರಿಗೆ ಮೆತ್ತಿಕೊಂಡಿತು. ಇಸ್ತ್ರಿ ಕೂಡ ನಮ್ಮದೇ.

ಇಷ್ಟೆಲ್ಲಾ ಆದರೂ ಅವತ್ತು ಗೊತ್ತಾಗಲಿಲ್ಲ ಯಾಕೆ ಅಂತ ಕೇಳ್ತೀರಿ. ಇದೇ ನೋಡಿ ಕೈಚಳಕ. ಪರದೆ ನೇತುಹಾಕಿದ ತಕ್ಷಣ ಎರಡೂ ಪಕ್ಕಕ್ಕೆ ಸರಿಸಿ, ನಡುವಿಗೆ ನಾಡಾ ಬಿಗಿದು, ನೆರಿಗೆ ತಿದ್ದಿ, ಫೋಟೋ ಹೊಡೆದು "ಹೋಟೆಲ್ ಥರ ಆಯ್ತು ನೋಡಿ ಮೇಡಂ" ಅಂದ. ನಡು ಕಟ್ಟಿದ ಪರದೆಯ ಕೆಳಭಾಗ ಹೇಗಿದ್ದರೂ ಮೇಲೆ ಏರಿರುತ್ತೆ, ಗಿಡ್ಡವೋ ಉದ್ದವೋ ಬ್ರಹ್ಮನಿಗೂ ಗೊತ್ತಾಗಲ್ಲ. ದುಡ್ಡು ಫೋನಿನಲ್ಲಿ ಹೋಯ್ತು, ಅವನ ಫೋನು ಟಿಣ್ ಅಂತು, ಅವನೂ ಹೋದ. ರಾತ್ರಿ ನಾಡಾ ಬಿಚ್ಚಿ ಎಳೆದರೆ ಪರದೆಯ ಕೆಳಗಿನಿಂದ ಬಾಲ್ಕನಿಯ ಚಪ್ಪಲಿಗಳು ಕಾಣ್ತಿವೆ. ಎಡಗಡೆ ಎರಡೂಕಾಲು ಇಂಚು, ಬಲಗಡೆ ಮೂರು. ಟೇಪ್ ಹಿಡಿದು ನೆಲದ ಮೇಲೆ ಕೂತಾಗಲೇ ಅರ್ಥ ಆಗಿದ್ದು, ಆ ನಾಡಾ ಚಂದಕ್ಕೆ ಕಟ್ಟಿದ್ದಲ್ಲ. ಗೊತ್ತಿದ್ದೇ ಕಟ್ಟಿದ್ದು. ಈಗಲೂ ಆ ನಾಡಾ ನೋಡಿದರೆ ಮೈ ಉರಿಯುತ್ತೆ.

ಬಿಲ್ಲು ಬೇರೆ. ಫೋನಿನಲ್ಲಿ ಪೀಸಿಗೆ 150, ಅಂದ್ರೆ 900. ತಗೊಂಡಿದ್ದು 2,100. ಹೊಲಿಗೆ 900, ಕಟಿಂಗ್ 600, ದಾರ ಮತ್ತು ಟೇಪ್ 300, ಬಂದುಹೋದದ್ದಕ್ಕೆ 300. ಕತ್ತರಿಸದೇ ಹೊಲಿಯೋದು ಹೇಗೆ ಅಂತ ಕೇಳಿದ್ದಕ್ಕೆ "ಅದು ಬೇರೆ ಕೆಲಸ ಮೇಡಂ".

ಈಗ ಅವನ ಉತ್ತರಗಳು. ಮೆಸೇಜುಗಳಲ್ಲಿ ಇದ್ದದ್ದು ಇದ್ದ ಹಾಗೆ.

ಮಾರನೇ ದಿನ: "ಈಗ ಇದೇ ಸ್ಟೈಲ್ ಮೇಡಂ, ನೆಲ ಮುಟ್ಟಿದ್ರೆ ಧೂಳು."

ಬಲಗಡೆ ಎಡಗಡೆ ಮುಕ್ಕಾಲು ಇಂಚು ವ್ಯತ್ಯಾಸ ಯಾಕೆ ಅಂದಿದ್ದಕ್ಕೆ: "ಅದು ನಿಮ್ಮ ನೆಲ ಮೇಡಂ, ನಮ್ಮ ಹೊಲಿಗೆ ಅಲ್ಲ."

ಮೂರನೇ ದಿನ: "ಕಾಟನ್ ಅಲ್ವಾ, ತೂಗಿ ತೂಗಿ ಇಳಿಯುತ್ತೆ. ಹದಿನೈದು ದಿನ ನೋಡಿ."

ಇದರಲ್ಲಿ ಕಾಲು ಭಾಗ ನಿಜ ಇದೆ, ಅದಕ್ಕೇ ನಂಬಿದ್ದು. ಸಡಿಲ ನೇಯ್ಗೆಯ ಲಿನನ್ ಥರದ ಬಟ್ಟೆ ತನ್ನ ಭಾರಕ್ಕೆ ತಾನೇ ಸ್ವಲ್ಪ ಇಳಿಯುತ್ತೆ. ಹಾಗಾಗೇ ಅಂಥ ಪರದೆಯನ್ನು ಕತ್ತರಿಸೋ ಮುಂಚೆ ನಾಲ್ಕೈದು ದಿನ ನೇತುಹಾಕಿ, ಇಳಿದ ಮೇಲೆ ಗುರುತು ಮಾಡಬೇಕು. ಒತ್ತಾಗಿ ನೇಯ್ದ ಕಾಟನ್ ಎರಡೂಕಾಲು ಇಂಚು ಇಳಿಯೋದು ಕನಸಿನಲ್ಲಿ. ಇಪ್ಪತ್ತು ದಿನ ಕಾದೆ. ಒಂದು ನೂಲೂ ಇಳಿಯಲಿಲ್ಲ.

ಆಮೇಲೆ ಒಗೆದದ್ದು. ಒಗೆಯದ ಹೊಸ ಕಾಟನ್ ಮೊದಲ ನೀರಿಗೆ ನೂರಕ್ಕೆ 3ರಿಂದ 5ರಷ್ಟು ಕುಗ್ಗೋದು ಸಾಮಾನ್ಯ. 3 ಅಂತಲೇ ಹಿಡಿದರೂ 87 ಇಂಚಿಗೆ ಎರಡೂವರೆ ಇಂಚು. ನಮ್ಮದು ಅಷ್ಟೇ ಕುಗ್ಗಿತು. ಈಗ ಎಡಗಡೆ ನೆಲದಿಂದ ಹತ್ತಿರ ಹತ್ತಿರ ಐದು ಇಂಚು ಮೇಲೆ, ಬಲಗಡೆ ಐದೂವರೆ. ಕತ್ತರಿಸೋ ಮುಂಚೆ ಒಗೆದು ಒಣಗಿಸಿಕೊಂಡಿರಿ ಅಂತ ಅವನು ಹೇಳಬೇಕಿತ್ತು. ನಾನೂ ಮಾಡಬೇಕಿತ್ತು, ಒಪ್ತೀನಿ. ರವಿಕೆ ಬಟ್ಟೆಯನ್ನು ನೆನೆಸದೇ ಹೊಲಿಯೋಕೆ ಕೊಡದವಳು ಪರದೆಗೆ ಬಂದಾಗ ಮರೆತೆ. ಆದರೆ ಆ ನಾಲ್ಕಿಂಚಿನ ಮಡಿಕೆ ಇದ್ದಿದ್ದರೆ? ಹೊಲಿಗೆ ಬಿಚ್ಚಿ ಇಳಿಸಿಕೊಂಡಿದ್ದರೆ ಒಂದು ಮಧ್ಯಾಹ್ನದ ಕೆಲಸ.

ಒಗೆದ ಫೋಟೋ ಕಳಿಸಿದ್ದಕ್ಕೆ: "ಒಗೆದಿದ್ದು ನಿಮ್ಮ ತಪ್ಪು ಮೇಡಂ. ಡ್ರೈಕ್ಲೀನ್ ಮಾಡಿಸಬೇಕಿತ್ತು." ಸಾದಾ ಕಾಟನ್ ಪರದೆಗೆ!

ಕೊನೆಯದು, ಇದನ್ನು ಓದಿ ನಗಬೇಕೋ ಅಳಬೇಕೋ: "ರಾಡ್ ಐದು ಇಂಚು ಕೆಳಗೆ ಇಳಿಸಿಕೊಡ್ತೀವಿ. ಡ್ರಿಲ್ಲಿಂಗ್ ತೂತಿಗೆ 100, ನಾಲ್ಕು ತೂತು." ರಾಡ್ ಇರೋದು 88 ಇಂಚಿನಲ್ಲಿ, ಬಾಗಿಲಿನ ಚೌಕಟ್ಟು 84ರಲ್ಲಿ. ಐದು ಇಂಚು ಇಳಿಸಿದರೆ ರಾಡು ಬಾಗಿಲಿಗೇ ಅಡ್ಡ ಬರುತ್ತೆ. ಅದಾದ ಮೇಲೆ ನಂಬರ್ ಬ್ಲಾಕ್.

ಕರೆಸಲೇಬೇಕು ಅಂದ್ರೆ ಹೀಗೆ ಮಾಡಿ. ಪರದೆ ಮೊದಲೇ ಒಗೆದಿಡಿ, ಮುಂದೆ ಹೇಗೆ ಒಗೀತೀರೋ ಹಾಗೇ. ಬ್ಲ್ಯಾಕ್‌ಔಟ್ ಆದರೆ ಲೇಬಲ್ ನೋಡಿ. ಅಳತೆ ನೀವೇ ತಗೊಳ್ಳಿ, ಚೀಟಿಯಲ್ಲಿ ಬರೆದು ಅವನಿಗೆ ಕೊಡಿ, ಅದರ ಫೋಟೋ ಇಟ್ಟುಕೊಳ್ಳಿ. ಒಂದೇ ಒಂದು ಪೀಸ್ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ನೇತುಹಾಕಿ, ಪೂರ್ತಿ ಎಳೆದು ನೋಡಿದ ಮೇಲೆ ಉಳಿದದ್ದು. ಲೈನಿಂಗ್ ಇರೋ ಪರದೆಯಾದರೆ ಲೈನಿಂಗನ್ನು ಬೇರೆಯಾಗಿ, ಮುಂದಿನ ಬಟ್ಟೆಗಿಂತ ಒಂದು ಇಂಚು ಮೇಲಕ್ಕೆ ಮಡಿಚಬೇಕು, ಎರಡನ್ನೂ ಸೇರಿಸಿ ಹೊಲಿಯೋಕೆ ಹೊರಟರೆ ಮಿಷನ್ ನಿಲ್ಲಿಸಿ. ನಾಡಾ ಕಟ್ಟೋಕೆ ಬಂದರೆ ಕೈ ಹಿಡ್ಕೊಳ್ಳಿ. ಹೆಸರು, ವಿಳಾಸ ಇರೋ ಬಿಲ್ ಇಲ್ಲದೇ ದುಡ್ಡು ಕೊಡಬೇಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡೋಕೆ ಹೋದರೆ ಮೊದಲು ಕೇಳೋದು ಯಾರ ಮೇಲೆ ಅಂತ. ನಮ್ಮ ಹತ್ತಿರ ಇರೋದು ಹೆಸರಿಲ್ಲದ ಚೀಟಿ, ಅದರಲ್ಲಿ "ಕರ್ಟನ್ 6, 2100".

ಇದೇ ಗತಿ ಆಗಿರೋರಿಗೆ ರಿಪೇರಿಯ ದಾರಿ. ಕಾಟನ್ ಉಳಿಸಬಹುದು, ಬೇರೆ ಬಣ್ಣದ ಪಟ್ಟಿ ಕೊಟ್ಟು. ನಮ್ಮ ನಾಲ್ಕು ಪೀಸಿಗೆ 44 ಇಂಚು ಪನ್ನದ, ಅಂದ್ರೆ ಅಗಲದ, ಗಟ್ಟಿ ಕಾಟನ್ ಒಂದೂವರೆ ಮೀಟರ್ ಸಾಕು. ಚಿಕ್ಕಪೇಟೆ ಕಡೆ ಹೋದರೆ ಪರದೆಯ ತುಂಡು ಹಿಡಿದು ಬಣ್ಣ ಹೊಂದಿಸಿ ತರಬಹುದು, ತುಂಡು ಇದ್ದರೆ! ತಂದದ್ದನ್ನು ಮೊದಲು ನೆನೆಸಿ ಒಣಗಿಸಿ. ಉದ್ದಕ್ಕೆ 49 ಇಂಚಿನ ನಾಲ್ಕು ಪಟ್ಟಿ, ಎಡಗಡೆ ಎರಡು ಪೀಸಿಗೆ 9 ಇಂಚು ಅಗಲ, ಬಲಗಡೆ ಎರಡಕ್ಕೆ 10. ಪರದೆಯ ಒಂದಿಂಚಿನ ಮಡಿಕೆ ಬಿಚ್ಚಿ ಇಸ್ತ್ರಿ ಹಾಕಿ, ಸೊಟ್ಟ ಅಂಚನ್ನು ಎಳೆ ಹಿಡಿದು ನೇರ ಮಾಡಿ, ಪಟ್ಟಿಯನ್ನು ಉದ್ದಕ್ಕೆ ಮಡಿಚಿ ಅರ್ಧ ಇಂಚು ಒಳಗೆ ಹೊಲಿದರೆ ನಾಲ್ಕು, ನಾಲ್ಕೂವರೆ ಇಂಚಿನ ಎರಡು ಪದರದ ಅಂಚು ಬರುತ್ತೆ. ಬಿಚ್ಚಿದ ಮಡಿಕೆಯಿಂದ ಅರ್ಧ ಇಂಚಿಗೆ ಸ್ವಲ್ಪ ಕಮ್ಮಿ ಸಿಗುತ್ತೆ. 14 ನಂಬರ್ ಸೂಜಿ, ಟಾಕ ಉದ್ದ.

ಬ್ಲ್ಯಾಕ್‌ಔಟ್‌ಗೆ ದಾರಿ ಇಲ್ಲ. ಇಸ್ತ್ರಿಯ ಹೊಳಪು ಅಂದ್ರೆ ನೂಲೇ ಕರಗಿರೋದು, ಹೋಗಲ್ಲ. ಟೇಪು ಮೊದಲನೇ ಒಗೆತಕ್ಕೇ ಬಿಟ್ಟುಕೊಂಡು ಈಗ ಬಾಲದ ಹಾಗೆ ನೇತಾಡ್ತಿದೆ.