ಹವಳದ ಟ್ಯಾಂಕಿಗೆ ಲಕ್ಸ್ ಮೀಟರ್ ಹಿಡಿದು ಲೈಟ್ ಸೆಟ್ ಮಾಡಿಸಬೇಡಿ

ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟು ಹವಳ ಸಾಕುತ್ತಿರುವವರು ದಯವಿಟ್ಟು ಇದನ್ನು ಓದಿ. ಹೊಸ ಎಲ್‌ಇಡಿ ಲೈಟ್ ಹಾಕಿಸುವ ಯೋಚನೆ ಇದ್ದರಂತೂ ತಪ್ಪದೆ ಓದಿ.

ಬೆಂಗಳೂರಿನ ನಮ್ಮ ಮನೆಗೆ ಲೈಟ್ ಮಾರಿದ ಅಂಗಡಿಯವರೇ ಒಬ್ಬರನ್ನು ಕಳಿಸಿ ಕೂರಿಸಿಕೊಟ್ಟರು. ಆತ ಲಕ್ಸ್ ಮೀಟರನ್ನು ನೀರಿನ ಮೇಲೆ ಹಿಡಿದು ನೋಡಿ, "ರೀಡಿಂಗ್ ತುಂಬಾ ಕಮ್ಮಿ ಸರ್, ಹವಳಕ್ಕೆ ಇದು ಏನೇನೂ ಸಾಲಲ್ಲ" ಅಂದವರೇ ನೀಲಿ, ಬಿಳಿ ಎಲ್ಲ ಚಾನೆಲ್‌ಗಳನ್ನೂ ನೂರು ಪರ್ಸೆಂಟಿಗೆ ಏರಿಸಿ ಹೋದರು. ಕೆಲವೇ ದಿನಗಳಲ್ಲಿ ಮಶ್ರೂಮ್ ಹವಳಗಳು ಮುದುಡಿದವು, ಅಂಚುಗಳು ಮೇಲಕ್ಕೆ ಮಡಚಿಕೊಂಡವು. ಕಡುಗೆಂಪಗಿದ್ದ ಮೈ ಮೊದಲು ಗುಲಾಬಿ ಬಣ್ಣಕ್ಕೆ ತಿರುಗಿ, ಆಮೇಲೆ ನೆನೆಸಿದ ಸಬ್ಬಕ್ಕಿಯ ಹಾಗಾಯಿತು. ಒಂದಂತೂ ಕಲ್ಲಿನಿಂದ ಕಿತ್ತುಕೊಂಡು ತೇಲಿಹೋಗಿ ಪಂಪಿನ ಜಾಲರಿಗೆ ಸಿಕ್ಕಿಕೊಂಡಿತ್ತು. ಲೆದರ್ ಹವಳ ತನ್ನ ಪಾಲಿಪ್‌ಗಳನ್ನು, ಅಂದರೆ ಹೂವಿನಂಥ ಪುಟ್ಟ ಬಾಯಿಗಳನ್ನು, ಹೊರಚಾಚುವುದನ್ನೇ ನಿಲ್ಲಿಸಿತು.

ಅವರಿಗೆ ಫೋಟೊ ಕಳಿಸಿದ್ದಕ್ಕೆ ಬಂದ ಉತ್ತರ: "ಬಣ್ಣ ಬಿಟ್ಟಿದೆ ಅಂದ್ರೆ ಲೈಟ್ ಸಾಲ್ತಿಲ್ಲ ಅಂತ ಸರ್, ಇನ್ನೆರಡು ಗಂಟೆ ಜಾಸ್ತಿ ಉರಿಸಿ." ಜೊತೆಗೆ ಒಂದು ಬಾಟಲಿ ಟಾನಿಕ್ಕಿನ ಶಿಫಾರಸು.

ಈ ಮಾತನ್ನು ದಯವಿಟ್ಟು ಯಾರೂ ನಂಬಬೇಡಿ, ಇದು ಪೂರ್ತಿ ಉಲ್ಟಾ. ಹವಳದ ಮೈಯೊಳಗೆ ಝೂಝಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿಗಳು ವಾಸವಾಗಿರುತ್ತವೆ. ಹವಳಕ್ಕೆ ಬಣ್ಣವೂ ಊಟವೂ ಬಹುಪಾಲು ಅವುಗಳಿಂದಲೇ. ಬೆಳಕು ಕಮ್ಮಿಯಾದರೆ ಪಾಚಿಯ ವರ್ಣಕ ಹೆಚ್ಚಿ ಹವಳ ಸಾಮಾನ್ಯವಾಗಿ ಕಂದು ತಿರುಗುತ್ತದೆ. ಬೆಳಕು ಅತಿಯಾದಾಗ ಪಾಚಿಯೊಳಗೆ ಆಮ್ಲಜನಕದ ಹಾನಿಕಾರಕ ರೂಪಗಳು ಹುಟ್ಟುತ್ತವೆ, ಹವಳ ಪಾಚಿಯನ್ನೇ ಹೊರಗೆ ಹಾಕುತ್ತದೆ, ಬಿಳಚಿಕೊಳ್ಳುತ್ತದೆ. ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಸೊನ್ನೆಗಿಳಿದರೂ ಹವಳ ಬಣ್ಣ ಬಿಡುವುದುಂಟು. ನಮ್ಮ ಟ್ಯಾಂಕಿನಲ್ಲಿ ಅವೆರಡೂ ಸರಿಯಾಗಿಯೇ ಇದ್ದವು.

ಹಾಗಾದರೆ ಮೀಟರ್ ಯಾಕೆ ಕಮ್ಮಿ ತೋರಿಸಿತು? ಲಕ್ಸ್ ಅಳೆಯುವುದು ಮನುಷ್ಯರ ಕಣ್ಣಿಗೆ ಎಷ್ಟು ಬೆಳಕು ಕಾಣುತ್ತದೆ ಅನ್ನುವುದನ್ನು. ನಮ್ಮ ಕಣ್ಣಿಗೆ 555 ನ್ಯಾನೊಮೀಟರಿನ ಹಸಿರು ಅತಿ ಪ್ರಖರ. ಅದಕ್ಕೆ ಹೋಲಿಸಿದರೆ 450ರ ನೀಲಿ ನೂರಕ್ಕೆ ನಾಲ್ಕರಷ್ಟು ಮಾತ್ರ ಲೆಕ್ಕಕ್ಕೆ ಬರುತ್ತದೆ. ಹವಳದ ಟ್ಯಾಂಕಿನ ರೀಫ್ ಲೈಟುಗಳು ಸುರಿಯುವುದೋ ಬಹುತೇಕ ಅದೇ ನೀಲಿಯನ್ನು. ಕೋಣೆ ಮಬ್ಬಾಗಿ ಕಂಡರೂ ಹವಳದ ಮೇಲೆ ಬೆಂಕಿಯಂಥ ಬೆಳಕು ಬೀಳುತ್ತಿರಬಹುದು. ಫೋನಿನ ಲಕ್ಸ್ ಆ್ಯಪ್‌ಗಳ ಕಥೆಯೂ ಇಷ್ಟೇ.

ಹವಳಕ್ಕೆ ಬೇಕಾದ ಅಳತೆ ಪಾರ್. ಅಂದರೆ 400ರಿಂದ 700 ನ್ಯಾನೊಮೀಟರ್ ನಡುವಿನ ಬೆಳಕಿನ ಕಣಗಳ ಎಣಿಕೆ, ಚದರ ಮೀಟರಿಗೆ ಸೆಕೆಂಡಿಗೆ ಇಷ್ಟು ಮೈಕ್ರೊಮೋಲ್ ಎಂದು. ಗೆಳೆಯರೊಬ್ಬರ ಪಾರ್ ಮೀಟರ್ ತಂದು ಸೆನ್ಸರನ್ನು ಮಶ್ರೂಮ್ ಪಕ್ಕದಲ್ಲೇ ಇಟ್ಟಾಗ ತೋರಿಸಿದ್ದು 310. ಆ ಹವಳ ನೆಮ್ಮದಿಯಾಗಿರುವುದು 50ರಿಂದ 100ರ ಆಸುಪಾಸಿನಲ್ಲಿ.

ಮೀಟರ್ ದುಬಾರಿ, ನಿಜ. ನಾಲ್ಕು ಜನ ಸೇರಿ ಕೊಳ್ಳಿ, ಇಲ್ಲವೇ ಎರವಲು ತನ್ನಿ. ಹಳೆಯ ಸೆನ್ಸರ್‌ಗಳಲ್ಲಿ ಕೆಲವು ನೀಲಿಯನ್ನು ಕಮ್ಮಿ ಓದುತ್ತವೆ, ಕೇಳಿ ತಿಳಿದುಕೊಳ್ಳಿ. ಅಪೋಜಿ ಕಂಪನಿಯ ಎಂಕ್ಯೂ-510 ಪಾರ್ ಮೀಟರ್ ನೀರೊಳಗಿನ ಬಳಕೆಗೆಂದೇ ತಯಾರಾದದ್ದು. ಅಳೆಯುವಾಗ ಸೆನ್ಸರ್ ನೆಟ್ಟಗೆ ಮೇಲ್ಮುಖವಾಗಿರಲಿ, ಹವಳ ಕೂತ ಎತ್ತರದಲ್ಲೇ ಇರಲಿ. ಅಲೆಯ ಹೊಳಪು ಹಾದಾಗ ಅಂಕಿ ಕುಣಿಯುತ್ತದೆ. ವೇವ್ ಪಂಪ್ ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿ. ಲೈಟಿನ ನೇರ ಕೆಳಗೂ ಮೂಲೆಯಲ್ಲೂ ಅಜಗಜಾಂತರ ಇರುತ್ತದೆ, ಹಾಗಾಗಿ ಒಂದೇ ಜಾಗದಲ್ಲಿ ಅಳೆದು ಮುಗಿಸಬೇಡಿ. ಲೈಟಿನ ಆ್ಯಪಿನಲ್ಲಿ ಕಾಣುವ ಪರ್ಸೆಂಟ್ ಹವಳದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇನ್ನೊಂದು ಮಾತು. ಕಲ್ಲು ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲ ಅನುಸೂಚಿಯಲ್ಲಿವೆ. "ಈ ಲೈಟಿಗೆ ಸಮುದ್ರದ ಹವಳಾನೇ ಬೇಕು, ತಂದುಕೊಡ್ತೀವಿ" ಅನ್ನುವವರಿಂದ ದೂರ ಇರಿ.

ಈಗಾಗಲೇ ಬಿಳಚಿದ್ದರೆ ಗಾಬರಿಯಾಗಿ ಲೈಟ್ ಪೂರ್ತಿ ಆರಿಸಬೇಡಿ, ಉಳಿದ ಪಾಚಿಗೂ ಬೆಳಕು ಬೇಕು. ಹವಳವನ್ನು ಕೆಳಗೆ, ನೆರಳಿನ ಬದಿಗೆ ಸರಿಸಿ. ಲೈಟನ್ನು ಅಳೆದು ಇಳಿಸಿ, ಚೇತರಿಸಿಕೊಂಡ ಮೇಲೆ ಬೇಕಿದ್ದರೆ ವಾರವಾರ ಸ್ವಲ್ಪಸ್ವಲ್ಪವೇ ಏರಿಸಿ. ನಮ್ಮ ಲೆದರ್ ಹೀಗೇ ಉಳಿಯಿತು. ಜಾಲರಿಗೆ ಸಿಕ್ಕಿದ ಮಶ್ರೂಮ್ ಉಳಿಯಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಬಿಸಿಯಾದಾಗ ಹವಳ ಅದೇ ಬೆಳಕನ್ನೂ ತಡೆಯಲಾರದು, ಆಗ ಏರಿಸುವುದೇ ಬೇಡ. ಫಿಲ್ಟರಿನ ಕಾರ್ಬನ್ ಬದಲಾಯಿಸಿದ ದಿನ ನೀರಿನ ಹಳದಿ ಹೋಗಿ ಬೆಳಕು ಒಮ್ಮೆಲೇ ಹೆಚ್ಚುತ್ತದೆ, ಲೈಟಿನ ಗಾಜಿಗೆ ಕಟ್ಟಿದ ಉಪ್ಪು ಒರೆಸಿದಾಗಲೂ ಅಷ್ಟೇ. ಇವೆರಡನ್ನೂ ಒಂದೇ ದಿನ ಮಾಡಬೇಡಿ, ಮಾಡಿದ ಮೇಲೆ ಮತ್ತೆ ಅಳೆಯಿರಿ.