ಬೈನಾಕ್ಯುಲರಾ, ಟೆಲಿಸ್ಕೋಪಾ? ಮೊದಲು ತಿಂಗಳು ಹೇಳಿ

ಆಕಾಶ ನೋಡುವ ಆಸೆ ಹುಟ್ಟಿದವರು ಮೊದಲು ಕೇಳುವುದು ಇದನ್ನೇ: ಬೈನಾಕ್ಯುಲರ್ ಸಾಕಾ, ಟೆಲಿಸ್ಕೋಪೇ ಬೇಕಾ? ನನ್ನ ಹತ್ತಿರ ಎರಡೂ ಇವೆ. ಒಂದು 10×50 ಬೈನಾಕ್ಯುಲರ್ (10 ಪಟ್ಟು ಹಿಗ್ಗಿಸುತ್ತದೆ, ಲೆನ್ಸಿನ ಅಗಲ 50 ಮಿ.ಮೀ.), ಇನ್ನೊಂದು 6 ಇಂಚಿನ, ಅಂದರೆ ಸುಮಾರು 150 ಮಿ.ಮೀ. ಕನ್ನಡಿಯ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೂರುವ ಟೆಲಿಸ್ಕೋಪ್). ವರ್ಷದ ಎಲ್ಲ ಕಾಲದಲ್ಲೂ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದ್ದೇನೆ. ಆ ರಾತ್ರಿ ಆಕಾಶದಲ್ಲಿ ಏನಿದೆಯೋ ಅದರ ಮೇಲೆ ಉತ್ತರ ಬದಲಾಗುತ್ತದೆ.

ಡಿಸೆಂಬರ್, ಜನವರಿಯಲ್ಲಿ ನನ್ನ ಕೈ ಹೋಗುವುದು ಬೈನಾಕ್ಯುಲರಿಗೇ. ಕೃತ್ತಿಕೆ ನಕ್ಷತ್ರಗುಚ್ಛ ಸುಮಾರು 2 ಡಿಗ್ರಿ ಹರಡಿದೆ. ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ. ನನ್ನ ಟೆಲಿಸ್ಕೋಪಿಗೆ 25 ಮಿ.ಮೀ. ಐಪೀಸ್ (ಕಣ್ಣಿಡುವ ಲೆನ್ಸು) ಹಾಕಿದರೆ ಕಾಣುವುದು ಸುಮಾರು 1 ಡಿಗ್ರಿ ಮಾತ್ರ. ಅರ್ಧ ಗುಚ್ಛ ಒಳಗೆ, ಅರ್ಧ ಹೊರಗೆ. ಬೈನಾಕ್ಯುಲರಿನ ಆರೂವರೆ ಡಿಗ್ರಿಯಲ್ಲಿ ಅದು ಪೂರ್ತಿ ಹಿಡಿಸುತ್ತದೆ, ಸುತ್ತ ಕಪ್ಪು ಆಕಾಶವೂ ಉಳಿಯುತ್ತದೆ. ಆ ಕಪ್ಪು ಇದ್ದರೇ ನೀಲಿ ನಕ್ಷತ್ರಗಳಿಗೆ ಅಂದ. ರೋಹಿಣಿಯ ಸುತ್ತ ಕಾಣುವ ಹೈಡೀಸ್ ಗುಚ್ಛಕ್ಕೂ ಇದೇ ಮಾತು. (ರೋಹಿಣಿ ಆ ಗುಚ್ಛಕ್ಕೆ ಸೇರಿದ್ದಲ್ಲ. ಅದು 65 ಜ್ಯೋತಿರ್ವರ್ಷ ದೂರ, ಗುಚ್ಛ ಸುಮಾರು 150.) ಮಹಾವ್ಯಾಧನ ನೀಹಾರಿಕೆಗೆ (ಅನಿಲ, ಧೂಳಿನ ಮೋಡ) ಮಾತ್ರ ಟೆಲಿಸ್ಕೋಪೇ ಸರಿ. ಅದರ ನಡುವಿನ ಟ್ರಪೀಜಿಯಂ, ಆ ನಾಲ್ಕು ನಕ್ಷತ್ರಗಳು, ಅಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ.

ಏಪ್ರಿಲ್, ಮೇ ಬಂದರೆ ಲೆಕ್ಕ ತಿರುಗುತ್ತದೆ. ಸಿಂಹ, ಕನ್ಯಾ ಮೇಲೇರಿರುತ್ತವೆ. ಆ ದಿಕ್ಕಿನಲ್ಲಿ ನಾವು ಆಕಾಶಗಂಗೆಯ ತಟ್ಟೆಯಿಂದ ಹೊರಗೆ ನೋಡುತ್ತೇವೆ. ಧೂಳು ಅಷ್ಟಾಗಿ ಅಡ್ಡ ಬರುವುದಿಲ್ಲ, ದೂರದ ಗೆಲಾಕ್ಸಿಗಳು ತೆರೆದುಕೊಳ್ಳುತ್ತವೆ. ಆದರೆ ಎಲ್ಲವೂ ಚಿಕ್ಕವು, ಮಸುಕು. ಇಲ್ಲಿ ಬೆಳಕು ಹಿಡಿಯುವ ಶಕ್ತಿಯೇ ಮುಖ್ಯ. 150 ಮಿ.ಮೀ. ಕನ್ನಡಿ 50 ಮಿ.ಮೀ. ಲೆನ್ಸಿನ ಒಂಬತ್ತು ಪಟ್ಟು ಬೆಳಕು ಹಿಡಿಯುತ್ತದೆ. ಸಿಂಹದ ಎಂ 65, ಎಂ 66 ಗೆಲಾಕ್ಸಿಗಳು (‘ಎಂ’ ಅಂದರೆ ಮೆಸಿಯೆ ಪಟ್ಟಿಯ ಸಂಖ್ಯೆ) ಒಂದೇ ನೋಟದಲ್ಲಿ ಜೋಡಿಯಾಗಿ ಸಿಗುತ್ತವೆ. ಕನ್ಯಾದ ಎಂ 87 ನನಗೆ ತುಂಬಾ ಇಷ್ಟ. 2019ರಲ್ಲಿ ಹೊರಬಂದ ಕಪ್ಪು ಕುಳಿಯ ಮೊದಲ ಚಿತ್ರ ಇದರ ಒಡಲಿನದ್ದೇ. ಟೆಲಿಸ್ಕೋಪಿನಲ್ಲಿ ಕಾಣುವುದು ದುಂಡನೆಯ ಮಬ್ಬು ಬೆಳಕು ಅಷ್ಟೇ. ಆದರೆ ಅದು ಹೊರಟು 5 ಕೋಟಿ ವರ್ಷಕ್ಕೂ ಜಾಸ್ತಿ ಆಗಿದೆ, ಅದು ಸಾಲದಾ? ನೇರವಾಗಿ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ಕಣ್ಣು ಹಾಯಿಸಿ. ಮಂದ ಬೆಳಕು ಹಾಗೆ ಚೆನ್ನಾಗಿ ಸಿಗುತ್ತದೆ. ಈ ತಿಂಗಳುಗಳಲ್ಲಿ ಬೈನಾಕ್ಯುಲರ್ ನನಗೆ ದಾರಿ ಹುಡುಕಲು ಮಾತ್ರ.

ಜುಲೈ, ಆಗಸ್ಟ್‌ನಲ್ಲಿ ಮೋಡ ಬಿಟ್ಟ ರಾತ್ರಿ ಮತ್ತೆ ಬೈನಾಕ್ಯುಲರೇ. ಟೆಲಿಸ್ಕೋಪಿನ ಕನ್ನಡಿ ಹೊರಗಿನ ತಂಪಿಗೆ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಮೋಡ ಮುಚ್ಚಿರುತ್ತದೆ. ಬೆನ್ನು ಒರಗಿಸಿ, ಮೊಣಕೈಗೆ ಆಸರೆ ಕೊಟ್ಟು, ವೃಶ್ಚಿಕದ ಬಾಲದ ಹತ್ತಿರದ ಎಂ 7 ನಕ್ಷತ್ರಗುಚ್ಛದಿಂದ ಶುರು ಮಾಡಿ. ಅಲ್ಲಿಂದ ಧನುವಿನ ಎಂ 8 ನೀಹಾರಿಕೆ, ಎಂ 24 ನಕ್ಷತ್ರರಾಶಿಯವರೆಗೆ ನಿಧಾನವಾಗಿ ಸಾಗಿ. ಆಕಾಶಗಂಗೆಯ ಕೇಂದ್ರ ಇರುವುದು ಇದೇ ದಿಕ್ಕಿನಲ್ಲಿ. ಆಸರೆ ಇಲ್ಲದಿದ್ದರೆ 10 ಪಟ್ಟು ಹಿಗ್ಗುವಿಕೆಗೆ ಕೈ ನಡುಕವೂ ಹಿಗ್ಗುತ್ತದೆ, ಹಾಗಾಗಿ ಟ್ರೈಪಾಡ್ ಇದ್ದರೆ ಇನ್ನೂ ಒಳ್ಳೆಯದು.

ಅಕ್ಟೋಬರ್, ನವೆಂಬರಿನ ದೇವಯಾನಿ ಗೆಲಾಕ್ಸಿಗೂ ಬೈನಾಕ್ಯುಲರೇ ಸಾಕು. ಸುಮಾರು 3 ಡಿಗ್ರಿ ಉದ್ದ ಇರುವುದರಿಂದ ಟೆಲಿಸ್ಕೋಪಿನಲ್ಲಿ ನಡುಭಾಗ ಮಾತ್ರ ಸಿಗುತ್ತದೆ.

ಗ್ರಹಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಗುರುವಿನ ನಾಲ್ಕು ದೊಡ್ಡ ಚಂದ್ರರು ಎರಡರಲ್ಲೂ ಕಾಣುತ್ತಾರೆ. ಶನಿಯ ಬಳೆ ನೋಡಲೇಬೇಕು ಅನ್ನುವವರು ಮಾತ್ರ ಯಾವ ತಿಂಗಳಾದರೂ ಟೆಲಿಸ್ಕೋಪನ್ನೇ ಮೊದಲು ತೆಗೆದುಕೊಳ್ಳಿ.