ಗುಡ್ಡದ ಮೇಲಿನ ‘ಹವಾಮಾನ ಕೇಂದ್ರ’ದ ಬೇಸಿಗೆ ಇಂಟರ್ನ್‌ಶಿಪ್: ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರ ಕಡೆಯ ಡಿಗ್ರಿ ಹುಡುಗರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಪೋಸ್ಟರ್ ಮತ್ತೆ ಓಡಾಡ್ತಾ ಇದೆ. ಘಟ್ಟದ ಅಂಚಿನ ಗುಡ್ಡದ ಮೇಲೆ ಹವಾಮಾನ ಕೇಂದ್ರ, ಏಪ್ರಿಲ್–ಮೇ ತಿಂಗಳಲ್ಲಿ ಆರು ವಾರ, ಊಟ ವಸತಿ ಸೇರಿ 12,000 ರೂಪಾಯಿ, ಅದರ ಮೇಲೆ 3,000 ‘ಉಪಕರಣ ಡಿಪಾಸಿಟ್’, ಕೊನೆಗೊಂದು ಸರ್ಟಿಫಿಕೇಟ್. ಕಟ್ಟಬೇಡಿ. ಹೋಗಿ ಬಂದವರೇ ಹೇಳ್ತಾ ಇದ್ದೇವೆ, ಕಟ್ಟಬೇಡಿ.

ಪೋಸ್ಟರಿನಲ್ಲಿ ಮಂಜುಗಡ್ಡೆ ಮೆತ್ತಿಕೊಂಡ ಗೋಪುರದ ಫೋಟೋ ಇದೆಯಲ್ಲ, ಅದು ಅಮೆರಿಕದ ಮೌಂಟ್ ವಾಷಿಂಗ್ಟನ್. 1,917 ಮೀಟರ್ ಎತ್ತರ. 1934ರ ಏಪ್ರಿಲ್ 12ರಂದು ಗಂಟೆಗೆ 231 ಮೈಲಿ ವೇಗದ ಗಾಳಿ ಅಳೆದ ಜಾಗ. ಅಲ್ಲಿ ನಿಜವಾಗಿಯೂ ಬೇಸಿಗೆ ಇಂಟರ್ನ್‌ಗಳಿರ್ತಾರೆ, ವೀಕ್ಷಕರ ಜೊತೆ ತುದಿಯಲ್ಲೇ ಉಳಿದು ಕೆಲಸ ಕಲೀತಾರೆ. ಆ ಫೋಟೋ ಎತ್ತಿ ಇಲ್ಲಿ ಅಂಟಿಸಿದ್ದಾರೆ. ಸುಮಾರು 600 ಮೀಟರ್ ಎತ್ತರದ ನಮ್ಮ ಘಟ್ಟದಲ್ಲಿ ಏಪ್ರಿಲ್ ತಿಂಗಳು ಮಂಜುಗಡ್ಡೆ ಎಲ್ಲಿಂದ ಬರಬೇಕು ಮಾರಾಯ್ರೆ? ಕೇಂದ್ರ ನಡೆಸುವವರನ್ನು ಕೇಳಿದ್ದಕ್ಕೆ ಬಂದ ಉತ್ತರ: “ಅದು ಬರೀ ತೋರಿಸೋಕೆ ಹಾಕಿದ್ದು ತಮಾ.”

ಮೇಲೆ ಇರೋದು ಒಂದು ಹೋಂಸ್ಟೇ. ಅದರ ನೀರಿನ ಟ್ಯಾಂಕಿನ ಪಕ್ಕ ತಗಡಿನ ಮಾಡಿಗೆ ಕಟ್ಟಿದ ಒಂದು ಕಬ್ಬಿಣದ ಪೈಪು, ಅದರ ಮೇಲೆ ಆನ್‌ಲೈನಿನಲ್ಲಿ ಸಿಗುವ ಪ್ಲಾಸ್ಟಿಕ್ ಸೆಟ್ಟು. ಅದೇ ಕೇಂದ್ರ. ಗಾಳಿ ಅಳೆಯುವ ಬಟ್ಟಲುಗಳು ತೆರೆದ ಜಾಗದಲ್ಲಿ ನೆಲದಿಂದ 10 ಮೀಟರ್ ಎತ್ತರದಲ್ಲಿರಬೇಕು. ಇಲ್ಲಿ ಟ್ಯಾಂಕಿನ ಮರೆಯಲ್ಲಿವೆ, ಪಶ್ಚಿಮದ ಗಾಳಿ ಬೀಸಿದರೆ ಅಲ್ಲಾಡೋದೂ ಇಲ್ಲ. ಉಷ್ಣತೆಯ ಸೆನ್ಸರ್ ಕಾದ ತಗಡಿನ ಮೇಲೆ ಒಂದು ಮೊಳದಷ್ಟರಲ್ಲಿ ನೇತಾಡ್ತಾ ಇದೆ, ಅದು ತೋರಿಸೋದು ತಗಡಿನ ಬಿಸಿಯನ್ನು. ಪರದೆಯಲ್ಲಿ ಗಾಳಿಯ ಒತ್ತಡ 1010 ಹೆಕ್ಟೋಪಾಸ್ಕಲ್! ಅದು ಕಾರವಾರದ ಸಮುದ್ರದ ದಂಡೆಯ ಲೆಕ್ಕ. 600 ಮೀಟರ್ ಮೇಲೆ ನಿಜವಾದ ಒತ್ತಡ 940ರ ಆಸುಪಾಸು ಇರಬೇಕು. ಸಮುದ್ರಮಟ್ಟದಲ್ಲಾದರೆ ಎಷ್ಟಿರುತ್ತಿತ್ತು ಅಂತ ಲೆಕ್ಕ ಹಾಕಿದ ಅಂಕಿ ಅಂತಾದರೆ ಯಾವ ಎತ್ತರ ಹಿಡಿದು ಲೆಕ್ಕ ಹಾಕಿದ್ದು ಅಂತ ಹೇಳಬೇಕಲ್ಲ? “ಅದೆಲ್ಲ ಆಟೋಮ್ಯಾಟಿಕ್.”

ಇಷ್ಟನ್ನೂ ಸಹಿಸಬಹುದಿತ್ತು. ಮಳೆ ಮಾಪಕದ ವಿಷಯಕ್ಕೆ ಬರ್ತೇವೆ, ರಕ್ತ ಕುದಿಯೋದು ಅಲ್ಲಿ.

ಹಲಸಿನ ಮರದ ಬುಡದಲ್ಲಿ ಇಟ್ಟಿದ್ದಾರೆ. ಪಕ್ಕದ ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಇರಬೇಕು ಅನ್ನೋದು ಮೊದಲ ಪಾಠ. ಮಾಪಕ ಟಿಪ್ಪಿಂಗ್ ಬಕೆಟ್ ಥರದ್ದು. ಒಳಗೆ ಮಕ್ಕಳಾಡುವ ಸೀ-ಸಾ ಹಲಗೆಯಂತೆ ಅತ್ತಿತ್ತ ವಾಲುವ ಎರಡು ಪುಟ್ಟ ಬಟ್ಟಲು, ಒಂದು ತುಂಬಿ ವಾಲಿದರೆ 0.2 ಮಿಲಿಮೀಟರ್ ಮಳೆ ಅಂತ ಲೆಕ್ಕ. ಮೇ ತಿಂಗಳ ಒಂದು ಸಂಜೆ ಗುಡುಗು ಸಿಡಿಲಿನ ಜಡಿಮಳೆ. ಮರುದಿನ ಬೆಳಿಗ್ಗೆ 8:30ಕ್ಕೆ (ದಿನದ ಮಳೆ ಲೆಕ್ಕ ಹಾಕುವ ಹೊತ್ತು ಅದು) ಕೇಂದ್ರದ ಪರದೆಯಲ್ಲಿ 23.5 ಮಿಲಿಮೀಟರ್. 0.2ರ ಬಕೆಟ್ಟು 23.4 ತೋರಿಸಬಹುದು, 23.6 ತೋರಿಸಬಹುದು. 23.5 ಹೇಗೆ ತೋರಿಸತ್ತೆ?

ಮುಚ್ಚಳ ತೆಗೆದು ನೋಡಿದರೆ ಆಲಿಕೆಯಲ್ಲಿ ಹಲಸಿನ ಎಲೆ ಕೊಳೆತು ನೀರು ಹಾಗೇ ನಿಂತಿದೆ. ಕೆಳಗೆ ಬಕೆಟ್ಟು ಒಣ ಒಣ, ಜೇಡ ಬಲೆ ಕಟ್ಟಿದೆ. ಅದಕ್ಕಿಂತ ಹೆಚ್ಚು, ಸಾಗಿಸುವಾಗ ಅಲ್ಲಾಡಬಾರದು ಅಂತ ಕಂಪನಿಯವರು ಹಾಕಿ ಕಳಿಸಿದ ಕೇಬಲ್ ಟೈ ಬಕೆಟ್ಟಿಗೆ ಬಿಗಿದಂತೇ ಇದೆ! ಅಂದರೆ ಇಟ್ಟ ದಿನದಿಂದ ಈ ಮಾಪಕ ಒಂದು ಹನಿ ಮಳೆಯನ್ನೂ ಎಣಿಸಿಲ್ಲ. ಒಂದು ಹನಿಯನ್ನೂ. ಆದರೆ ಪರದೆಯಲ್ಲಿ ಹಿಂದಿನ ತಿಂಗಳುಗಳ ಮಳೆಯೆಲ್ಲ ದಿನವಹಿ ಇದೆ. ಹತ್ತಿರದ ಪಂಚಾಯತಿಯ ಮಾಪಕದ ಅಂಕಿ ತಾಳೆ ನೋಡಿದೆವು. ದಶಾಂಶ ಸಮೇತ ಅದೇ. ಅಲ್ಲಿಂದ ಎತ್ತಿ ಇಲ್ಲಿ ಹಾಕೋದು, ಅದಕ್ಕೆ ‘ನಮ್ಮ ಕೇಂದ್ರದ ದತ್ತಾಂಶ’ ಅಂತ ಹೆಸರು. ಅದನ್ನು ದಿನಾ ಚೆಂದದ ಅಕ್ಷರದಲ್ಲಿ ಪುಸ್ತಕಕ್ಕೆ ಇಳಿಸಿದವರು ನಾವು, ಫೀಸು ಕೊಟ್ಟು. ಭೌತಶಾಸ್ತ್ರ ಓದುವವರು ಅಂತ ಹೇಳಿಕೊಳ್ಳೋಕೂ ನಾಚಿಕೆ.

ಕೇಳಿದಾಗ ಬಂದ ಉತ್ತರಗಳು, ಬಂದ ಕ್ರಮದಲ್ಲೇ: “ಕ್ಯಾಲಿಬ್ರೇಶನ್ ನಡೀತಾ ಇದೆ.” ಆಮೇಲೆ, “ಮಳೆ ಸ್ಯಾಟಲೈಟ್‌ನಿಂದ ಬರತ್ತೆ, ಡಬ್ಬಿ ಬರೀ ಬ್ಯಾಕಪ್ಪು.” ಆಮೇಲೆ, “ನೀವು ಕಲಿಯೋಕೆ ಬಂದಿದ್ದೋ ತನಿಖೆ ಮಾಡೋಕೋ?” ಕೊನೆಗೆ, “ಮುಚ್ಚಳ ತೆಗೆದವರು ಯಾರು? ವಾರಂಟಿ ಹೋಯ್ತು. ಡಿಪಾಸಿಟ್‌ನಲ್ಲಿ ಹಿಡೀತೇನೆ.” ಹಿಡಿದರು ಕೂಡ!

ಇದು ಬರೀ ವಿದ್ಯಾರ್ಥಿಗಳ ದುಡ್ಡಿನ ಪ್ರಶ್ನೆ ಅಲ್ಲ. ಇದೇ ಅಂಕಿಗಳು ಅಡಿಕೆ ಬೆಳೆಗಾರರ ಗ್ರೂಪುಗಳಿಗೂ ಹೋಗ್ತಾ ಇವೆ. ಕೊಳೆ ರೋಗದ ಔಷಧಿ ಹೊಡೆಯೋಕೆ ಮಳೆಯ ನಡುವೆ ಬಿಡುವು ಕಾಯುವವರು ಅದನ್ನು ನಂಬ್ತಾರೆ. ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ವಿಮೆ ಕಟ್ಟಿದ ಊರಿನಲ್ಲಿ ಮಳೆಯ ಅಂಕಿ ಅಂದರೆ ದುಡ್ಡು. ಸುಳ್ಳು ಮಾಪಕ ಇಟ್ಟು ಆಟ ಆಡೋ ವಿಷಯವಾ ಇದು?

ಉಳಿದ ಕೆಲಸ? ಪ್ರವಾಸಿಗರಿಗೆ ಚಾ ಕೊಡೋದು, ಸೂರ್ಯಾಸ್ತ ನೋಡೋ ಜಾಗಕ್ಕೆ ಕರಕೊಂಡು ಹೋಗೋದು, ಪಂಪ್ ಹಾಕೋದು. ವಾರಾಂತ್ಯ ಬಂದರೆ ‘ಲೈವ್ ಡೆಮೊ’ ಅಂತ ನಮ್ಮನ್ನು ಪೈಪಿನ ಪಕ್ಕ ನಿಲ್ಲಿಸೋದು.

ಅಪಾಯದ ಮಾತು ಬೇರೆಯೇ. ಆ ಪೈಪಿಗೆ ಅರ್ಥಿಂಗ್ ಇಲ್ಲ. ಗುಡ್ಡದ ನೆತ್ತಿ, ಮೇ ತಿಂಗಳ ಸಿಡಿಲು, ಅಂಥದ್ದರಲ್ಲಿ ಮಳೆ ಬರೋ ಮೊದಲು ಮಾಡು ಹತ್ತಿ ಸೆನ್ಸರ್ ಇಳಿಸಿ ಅಂತ ಹೇಳ್ತಾರೆ. ಹತ್ತಬೇಡಿ. ಯಾರು ಏನೇ ಹೇಳಲಿ ಹತ್ತಬೇಡಿ. ಮಿಂಚು ಕಂಡು 30 ಸೆಕೆಂಡಿನ ಒಳಗೆ ಗುಡುಗು ಕೇಳಿದರೆ ಮನೆ ಒಳಗಿರಬೇಕು, ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯೋ ತನಕ ಹೊರಗೆ ಬರಬಾರದು.

ಇಂಥ ಕಡೆ ಹೋಗಲೇಬೇಕು ಅಂತಿದ್ದರೆ ದುಡ್ಡು ಕಟ್ಟುವ ಮೊದಲು ಒಂದು ಸಲ ಹೋಗಿ ಮಾಪಕಕ್ಕೆ ನೀರು ಹಾಕಿ ನೋಡಿ. ಆಲಿಕೆಯ ಬಾಯಿ 200 ಚದರ ಸೆಂಟಿಮೀಟರ್ ಇದ್ದರೆ 20 ಮಿಲಿಲೀಟರ್ ನೀರಿಗೆ 1 ಮಿಲಿಮೀಟರ್ ಮಳೆ. 200 ಮಿಲಿಲೀಟರ್ ನಿಧಾನ ಸುರಿದರೆ 0.2ರ ಬಕೆಟ್ಟು 50 ಸಲ ವಾಲಬೇಕು. ಒಂದೇ ಸಲ ದಬದಬ ಸುರಿಯಬೇಡಿ, ವಾಲುವ ಹೊತ್ತಿಗೆ ನೀರು ಚೆಲ್ಲಿ ಎಣಿಕೆ ಕಡಿಮೆ ಬರತ್ತೆ, ಅವರಿಗೆ ಅದೇ ನೆಪ ಆಗತ್ತೆ. ನೀರನ್ನು ಗಾಜಿನ ಗ್ಲಾಸಿಗೆ ಸುರಿದು ಅಳೆಯುವ ಮಾಪಕವಾದರೆ ಗ್ಲಾಸು ಅದೇ ಅಳತೆಯ ಆಲಿಕೆಯದ್ದೇ ಅಂತ ನೋಡಿ. 200 ಚದರ ಸೆಂಟಿಮೀಟರಿನ ಆಲಿಕೆಗೆ ಮಾಡಿದ ಗ್ಲಾಸನ್ನು 100ರ ಆಲಿಕೆಗೆ ಇಟ್ಟರೆ ಮಳೆ ಅರ್ಧಕ್ಕೆ ಇಳಿಯತ್ತೆ. ಥರ್ಮಾಮೀಟರ್ ಇಡುವ ಬಿಳಿ ಮರದ ಪೆಟ್ಟಿಗೆ ಇದ್ದರೆ ಬಾಗಿಲು ಉತ್ತರಕ್ಕೆ ಇರಬೇಕು, ಇಲ್ಲದಿದ್ದರೆ ತೆಗೆದಾಗ ಥರ್ಮಾಮೀಟರಿಗೆ ಬಿಸಿಲು ಬೀಳತ್ತೆ. ತೇವಾಂಶ ತಿಳಿಯೋಕೆ ಎರಡು ಥರ್ಮಾಮೀಟರಲ್ಲಿ ಒಂದರ ಬಲ್ಬಿಗೆ ಒದ್ದೆ ಮಸ್ಲಿನ್ ಬಟ್ಟೆ ಸುತ್ತಿರ್ತಾರೆ, ಅದನ್ನು ಮುಟ್ಟಿ ನೋಡಿ. ಅದು ಒಣಗಿದ್ದರೆ ಎರಡೂ ಥರ್ಮಾಮೀಟರು ಒಂದೇ ತೋರಿಸಿ, ಏಪ್ರಿಲ್ ಮಧ್ಯಾಹ್ನದಲ್ಲೂ ತೇವಾಂಶ ನೂರಕ್ಕೆ ನೂರು ಬರತ್ತೆ. ಇಷ್ಟಕ್ಕೂ “ಮುಟ್ಟಬೇಡಿ” ಅಂದರೆ ವಾಪಸ್ ಬಸ್ ಹತ್ತಿ.

ಸರ್ಟಿಫಿಕೇಟ್ ನಾವು ಹೋದ ದಿನವೇ ಪ್ರಿಂಟಾಗಿ ಕೂತಿತ್ತು, ‘ಗಂಟೆಗೊಮ್ಮೆ ವೀಕ್ಷಣೆ ನಡೆಸಿದ್ದಾರೆ’ ಅಂತ. ಅದನ್ನು ತಗೊಂಡಿಲ್ಲ. ಹಿಡಿದು ಉಳಿದ ಡಿಪಾಸಿಟ್ ಕೇಳಿದರೆ “ಮಳೆಗಾಲ ಮುಗೀಲಿ” ಅಂದರು, ಮುಗಿದ ಮೇಲೆ ಫೋನ್ ಎತ್ತೋದು ಬಿಟ್ಟರು. ಈಗಾಗಲೇ ಕಟ್ಟಿದವರು ಪೋಸ್ಟರ್, ಯುಪಿಐ ರಸೀದಿ, ಮೆಸೇಜು ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ನಾವೂ ಕೊಟ್ಟಿದ್ದೇವೆ.